ಏಳು ದಿನದ ಸರಕು: ಟ್ರೈಕೋಕಾರ್ಡ್ ಅಂಗಡಿಗೆ ಏಕೆ ಬರಲಿಲ್ಲ?

ಮಂಡ್ಯದ ಗೊಬ್ಬರದ ಅಂಗಡಿಯಲ್ಲಿ ಬೆಳೆಯ ರೋಗ ತಡೆಯುವ ಶಿಲೀಂಧ್ರದ ಪುಡಿ ಟ್ರೈಕೋಡರ್ಮಾ ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ. ಕಬ್ಬು ಕೊರೆಯುವ ಹುಳುವಿಗೆ, ಅಂದರೆ ಕೊರಕಕ್ಕೆ, ಕಟ್ಟುವ ಟ್ರೈಕೋಕಾರ್ಡ್ (ಕೊರಕದ ಶತ್ರುವಾದ ಪುಟ್ಟ ಕಣಜ ಕೀಟಗಳಿರುವ ಕಾರ್ಡು) ಕೇಳಿದರೆ ಅಂಗಡಿಯವರು ಕೃಷಿ ವಿಜ್ಞಾನ ಕೇಂದ್ರದ ದಾರಿ ತೋರಿಸುತ್ತಾರೆ. ಪುಡಿ ಮಾರಲು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು, ಅದಕ್ಕೆ ಸುರಕ್ಷತಾ ಪರೀಕ್ಷೆಗಳ ಖರ್ಚಿದೆ. ಕಾರ್ಡಿನಲ್ಲಿರುವ ಕಣಜಕ್ಕೆ ಆ ಕಾಯ್ದೆಯ ನೋಂದಣಿಯೇ ಬೇಕಿಲ್ಲ. ಕಾಯ್ದೆ ಹಿಡಿದಿಟ್ಟ ಸರಕು ಅಂಗಡಿ ಸೇರಿತು, ಬಿಟ್ಟುಕೊಟ್ಟ ಸರಕು ಸೇರಲಿಲ್ಲ.

ವಿದ್ಯೆ ಹೊಸದೇನಲ್ಲ. ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಟ್ರೈಕೋಗ್ರಾಮಾ ಕಣಜವನ್ನು ಸಾಕುವ ಪ್ರಯೋಗ ಮೈಸೂರು ಸಂಸ್ಥಾನದಲ್ಲಿ 1930ರ ದಶಕದಲ್ಲೇ ನಡೆದಿತ್ತು. ಮಂಡ್ಯದ ಸಕ್ಕರೆ ಕಾರ್ಖಾನೆ ಆರಂಭವಾದದ್ದೂ ಆ ದಶಕದಲ್ಲೇ. ಆಮೇಲೆ ಡಿಡಿಟಿ ಬಂತು, ಹಸಿರು ಕ್ರಾಂತಿ ಬಂತು, 1977ರಲ್ಲಿ ಜೈವಿಕ ನಿಯಂತ್ರಣಕ್ಕೆ, ಅಂದರೆ ಪೀಡೆಯನ್ನು ಅದರ ಶತ್ರು ಜೀವಿಯಿಂದಲೇ ತಡೆಯುವುದಕ್ಕೆ, ಅಖಿಲ ಭಾರತ ಯೋಜನೆಯೊಂದು ಬಂತು. ಕಣಜ ಮಾತ್ರ ಪ್ರಯೋಗಾಲಯದ ಸುತ್ತಮುತ್ತಲೇ ಉಳಿಯಿತು.

ಇಂಥ ಶತ್ರು ಕೀಟ ರೈತನ ಮನೆಯ ತನಕ ನಡೆದು ಬಂದದ್ದು ರೇಷ್ಮೆಯಲ್ಲಿ. 1980ರಲ್ಲಿ ಊಜಿ ನೊಣ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಕಾಲಿಟ್ಟಿತು. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ ಅದು. ಮರಿ ಒಳಗೇ ತಿಂದು ಬೆಳೆಯುತ್ತದೆ, ಗೂಡು ತೂತಾಗುತ್ತದೆ. ಔಷಧಿ ಹೊಡೆಯೋಣವೆಂದರೆ ನೊಣಕ್ಕಿಂತ ಮೊದಲು ಸಾಯುವುದು ರೇಷ್ಮೆ ಹುಳು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಹಿಡಿದ ದಾರಿಗಳಲ್ಲಿ ಒಂದು ಊಜಿಯನ್ನು ಕೊಲ್ಲುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ. ಮನೆನೊಣದ ಕೋಶಗಳ (ಪ್ಯೂಪಾಗಳ) ಮೇಲೆ ಅದನ್ನು ಬೆಳೆಸಿ, ಸಣ್ಣ ಚೀಲಗಳಲ್ಲಿ ಕೊಟ್ಟರು. ನಾಲ್ಕನೇ ಜ್ವರ (ರೇಷ್ಮೆ ಹುಳು ಪೊರೆ ಕಳಚುವ ಹಂತ) ಎದ್ದ ಎರಡನೇ ದಿನ ಚೀಲವನ್ನು ಸಾಕಣೆ ಮನೆಯಲ್ಲಿ ತೂಗುಹಾಕಬೇಕು, ಹುಳು ಹಣ್ಣಾದಾಗ ಅದು ಗೂಡು ಕಟ್ಟುವ ಚಂದ್ರಿಕೆಯ ಬಳಿಗೆ, ಗೂಡು ಬಿಡಿಸಿದ ಮೇಲೆ ತಿಪ್ಪೆಯ ಹತ್ತಿರಕ್ಕೆ ಸಾಗಿಸಬೇಕು. ಹಿಪ್ಪುನೇರಳೆಯ ಎಲೆ ಮುದುರಿಸುವ ತುಕ್ರಾಕ್ಕೆ ಕಾರಣವಾದ ಹಿಟ್ಟು ತಿಗಣೆಯ ಮೇಲೂ ಇದೇ ರೀತಿ ಗುಲಗಂಜಿ ಹುಳು ಬಿಟ್ಟರು.

ಇಲ್ಲಿ ವ್ಯಾಪಾರದ ಗುಟ್ಟೊಂದಿದೆ. ಚಾಕಿ ಕಟ್ಟಿದ, ಅಂದರೆ ಮರಿಹುಳುಗಳನ್ನು ಸಾಕಲು ಶುರುಮಾಡಿದ, ದಿನವೇ ಕಣಜ ಬೇಕಾಗುವ ದಿನ ಗೊತ್ತಾಗುತ್ತದೆ. ಬೆಳೆ ವರ್ಷಕ್ಕೆ ಹಲವು ಬಾರಿ ಬರುತ್ತದೆ, ರೈತನಿಗೆ ಔಷಧಿಯ ಆಸೆಯೂ ಇಲ್ಲ. ಇಂಥ ಗಿರಾಕಿ ಬೇರೆ ಬೆಳೆಯಲ್ಲಿ ಸಿಗುವುದು ಕಷ್ಟ. ಹಲವು ರೈತರಿಗೆ ಮರಿಹುಳು ಕೊಡುವ ಚಾಕಿ ಕೇಂದ್ರಗಳೇ ಕಣಜದ ಚೀಲಕ್ಕೂ ಮುಂಗಡ ಬರೆದುಕೊಂಡರೆ ಹಳ್ಳಿಯ ಘಟಕವೊಂದು ಬದುಕಬಹುದು ಎಂದು ನನಗೆ ಅನಿಸುತ್ತದೆ.

ಕಬ್ಬಿನ ಲೆಕ್ಕ ಬೇರೆ. ಜೋಳದ ನುಚ್ಚಿನಲ್ಲಿ ಅಕ್ಕಿ ಪತಂಗ ಸಾಕಿ, ಅದರ ಮೊಟ್ಟೆಯನ್ನು ಕಾರ್ಡಿಗೆ ಅಂಟಿಸಿ, ಕಣಜಕ್ಕೆ ಒಡ್ಡಬೇಕು. ಒಂದು ಸಿ.ಸಿ. (ಘನ ಸೆಂಟಿಮೀಟರ್) ಮೊಟ್ಟೆ ಎಂದರೆ ಹದಿನಾರರಿಂದ ಇಪ್ಪತ್ತು ಸಾವಿರ. ಬಂಡವಾಳ ಹೆಚ್ಚೇನಿಲ್ಲ, ಸ್ವಸಹಾಯ ಸಂಘದ ಮಹಿಳೆಯರು ಕಲಿಯಬಲ್ಲ ಕೆಲಸ. ಆದರೆ ಏಳೆಂಟು ದಿನದಲ್ಲಿ ಕಣಜ ಹೊರಬರುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನಷ್ಟು ದಿನ ತಡೆಯಬಹುದು, ಅಷ್ಟೇ. ತಿಂಗಳುಗಟ್ಟಲೆ ಕೂರುವ ಪುಡಿಗೆ ಹೊಂದುವ ಅಂಗಡಿ ಇದಕ್ಕೆ ಹೊಂದುವುದಿಲ್ಲ. ಅಲ್ಲದೆ ಪಕ್ಕದ ಗದ್ದೆಯವರು ಔಷಧಿ ಹೊಡೆದರೆ ಕಣಜವೂ ಹೋಯಿತು, ಹಣವೂ ಹೋಯಿತು. ಒಬ್ಬರು ಕೊಳ್ಳುವುದಕ್ಕಿಂತ ಒಂದು ಬಯಲಿನವರೆಲ್ಲ ಸೇರಿ ಕೊಳ್ಳಬೇಕಾದ ಸರಕಿದು.

ಉಚಿತ ಹಂಚಿಕೆಯದು ಇನ್ನೊಂದು ತೊಡಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹಬ್ಬಿದಾಗ, 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಅಸೆರೋಫೇಗಸ್ ಕಣಜವನ್ನು ಸರ್ಕಾರಿ ಸಂಸ್ಥೆಗಳು ಹಂಚಿದವು. ಅದು ತಾನೇ ನೆಲೆಯೂರಿ ಪೀಡೆಯನ್ನು ಇಳಿಸಿತು. ರೈತನ ಮಟ್ಟಿಗೆ ಇದಕ್ಕಿಂತ ದೊಡ್ಡ ಗೆಲುವಿಲ್ಲ, ಮಾರುವವನಿಗೆ ಮಾತ್ರ ಏನೂ ಉಳಿಯಲಿಲ್ಲ. ಟ್ರೈಕೋಗ್ರಾಮಾ ಹಾಗಲ್ಲ, ಪ್ರತಿ ಬೆಳೆಗೂ ಮತ್ತೆ ಮತ್ತೆ ಬಿಡಬೇಕು. ಒಂದು ವರ್ಷ ಉಚಿತವಾಗಿ ಬಂದದ್ದಕ್ಕೆ ಮರುವರ್ಷ ಹಣ ಕೇಳಿದರೆ ರೈತ ಮುಖ ತಿರುಗಿಸುವುದು ಸಹಜ.

ಉಳಿದದ್ದು ಕಾರ್ಖಾನೆಯ ದಾರಿ. ತಮಿಳುನಾಡಿನ ಕೆಲವು ಸಕ್ಕರೆ ಕಾರ್ಖಾನೆಗಳು ತಮ್ಮದೇ ಪ್ರಯೋಗಾಲಯ ಇಟ್ಟುಕೊಂಡವು. ಕಬ್ಬಿನ ಬಿಲ್ಲಿನಲ್ಲಿ ಕಾರ್ಡಿನ ಹಣ ಮುರಿದುಕೊಂಡರೆ ವಸೂಲಿಯ ತಲೆನೋವಿಲ್ಲ, ಇಡೀ ಬಯಲಿಗೆ ಒಟ್ಟಿಗೆ ಬಿಡಲೂಬಹುದು. ಆದರೆ ಮಂಡ್ಯದ ಕಾರ್ಖಾನೆಯೇ ಅರೆಯುವುದನ್ನು ನಿಲ್ಲಿಸಿ 2022ರಲ್ಲಿ ಮತ್ತೆ ಶುರುವಾದದ್ದು. ಅದನ್ನೇ ನಂಬಿದ ಘಟಕವಿದ್ದಿದ್ದರೆ ಅಷ್ಟೂ ಕಾಲ ಗಿರಾಕಿ ಇಲ್ಲದೆಯೇ ಪತಂಗಕ್ಕೆ ನುಚ್ಚು ಹಾಕುತ್ತಿರಬೇಕಿತ್ತು. ಆ ನುಚ್ಚಿನ ಖರ್ಚಿಗೆ ಯಾವ ಸಹಾಯಧನದ ಯೋಜನೆಯಲ್ಲೂ ಕಾಲಂ ಕಂಡ ನೆನಪು ನನಗಿಲ್ಲ.