ಮೀನು ಸತ್ತ ಕೂಡಲೇ ನೀರು ಚೆಲ್ಲಬೇಡಿ

"ಸರ್, ನೀರು ಗಾಜಿನ ಥರ ಇದೆ. ಆದ್ರೂ ಒಂದೊಂದೇ ಸಾಯ್ತಿವೆ."

ಯುಗಾದಿ ಮುಗಿದ ವಾರ ನನಗೆ ಇಂಥ ಫೋನ್ ಜಾಸ್ತಿ. ಹಬ್ಬಕ್ಕೆ ಮನೆಯೆಲ್ಲ ತೊಳೆಯುವಾಗ ಅಕ್ವೇರಿಯಂ ಕೂಡ ತೊಳೆದಿರುತ್ತಾರೆ. ಈ ಫೋನ್ ಬಂದದ್ದು ಬೆಂಗಳೂರಿನ ವಿಜಯನಗರದ ಒಂದು ಮನೆಯಿಂದ. ಎರಡಡಿ ಟ್ಯಾಂಕ್, ನಾಲ್ಕು ಗೋಲ್ಡ್ ಫಿಶ್. ಎರಡು ವರ್ಷ ಚೆನ್ನಾಗಿಯೇ ಇದ್ದವು. ನಾನು ಹೋಗುವಷ್ಟರಲ್ಲಿ ಎರಡು ಸತ್ತಿದ್ದವು. ಉಳಿದೆರಡು ತಳದಲ್ಲಿ ಕೂತು ಬೇಗಬೇಗ ಕಿವಿರು ಆಡಿಸುತ್ತಿದ್ದವು. ಮನೆಯಾಕೆ ಬಕೆಟ್ ಹಿಡಿದು ನಿಂತಿದ್ದರು. ಇನ್ನೊಮ್ಮೆ ನೀರೆಲ್ಲ ಬದಲಾಯಿಸಿಬಿಡೋಣ ಅಂತ.

"ಬೇಡಮ್ಮಾ, ಒಂದೈದು ನಿಮಿಷ ತಡೀರಿ" ಅಂದೆ.

ಯಾಕೆಂದರೆ ಮೀನು ಯಾಕೆ ಸತ್ತಿತು ಅನ್ನುವುದು ಆ ನೀರಿನಲ್ಲೇ ಇರುತ್ತದೆ. ಚೆಲ್ಲಿದ ಮೇಲೆ ನನ್ನಂಥವರು ಬಂದು ನೋಡಿದರೂ ಏನೂ ಸಿಗುವುದಿಲ್ಲ. ಏನೇ ಮಾಡುವ ಮೊದಲು ಒಂದು ಸ್ವಚ್ಛ ಬಾಟಲಿಗೆ ಟ್ಯಾಂಕಿನ ನೀರು ತುಂಬಿಸಿ ಫ್ರಿಜ್ಜಿನಲ್ಲಿಡಿ. ಇದೊಂದನ್ನು ದಯವಿಟ್ಟು ಮರೆಯಬೇಡಿ.

ಚಿಕ್ಕ ಗಾಜಿನ ನಳಿಕೆಯಲ್ಲಿ 5 ಮಿಲಿ ನೀರು ತೆಗೆದು ಅಮೋನಿಯಾ ಟೆಸ್ಟ್ ಕಿಟ್ಟಿನ ಹನಿ ಹಾಕಿದೆ. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗಿಯೇ ಉಳಿಯಬೇಕು. ನೋಡನೋಡುತ್ತಿದ್ದಂತೆ ಅದು ಎಲೆಹಸಿರಾಯಿತು. ಗಾಜಿನಷ್ಟು ತಿಳಿಯಾಗಿದ್ದ ನೀರು!

"ಫಿಲ್ಟರ್ ತೊಳೆದ್ರಾ?"

"ಹೂಂ ಸರ್, ಸ್ಪಾಂಜ್ ತುಂಬಾ ಗಲೀಜಾಗಿತ್ತು. ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗೋವರೆಗೂ ಹಿಂಡಿದೆ. ಕಲ್ಲನ್ನೂ ಉಜ್ಜಿದೆ."

ಆ ಗಲೀಜೇ ಮೀನುಗಳನ್ನು ಕಾಯುತ್ತಿತ್ತು. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಕೊಳೆತ ತಿಂಡಿಯಿಂದಲೂ ಅದು ಬರುತ್ತದೆ. ಸ್ಪಾಂಜಿನ ಕಂದು ಲೋಳೆಯಲ್ಲಿ, ಕಲ್ಲಿನ ಮೇಲೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿಯ ಕ್ಲೋರಿನ್ ನೀರಿನಲ್ಲಿ ಹತ್ತು ನಿಮಿಷ ತೊಳೆದರೆ ಹೆಚ್ಚಿನವು ಹೋದವು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಲೆಕ್ಕಕ್ಕೆ 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45 ಉಳಿದರೆ ಹೆಚ್ಚು. ಅಷ್ಟರಲ್ಲಿ ನಾಲ್ಕು ದೊಡ್ಡ ಗೋಲ್ಡ್ ಫಿಶ್ ಅಂದರೆ ಅಮೋನಿಯಾ ಪ್ರಾಣ ತೆಗೆಯುವಷ್ಟು ಏರಲು ಮೂರು ದಿನ ಸಾಕು.

ಇದರ ಜೊತೆಗೆ ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅನ್ನುವ ಅಳತೆ, ಒಂದು ಸೇರಿಕೊಳ್ಳುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅಮೋನಿಯಾದಲ್ಲಿ ಎರಡು ರೂಪ, ಒಂದು ಮಾತ್ರ ಕಡು ವಿಷ. ಪಿಎಚ್ 7 ಇದ್ದಾಗ ಆ ವಿಷದ ಪಾಲು ನೂರಕ್ಕೆ ಒಂದೂ ಇರುವುದಿಲ್ಲ. 8 ಆದರೆ ನೂರಕ್ಕೆ ಐದರಷ್ಟಾಗುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನಲ್ಲಿ ಪಿಎಚ್ ಮೆಲ್ಲಗೆ 6ರ ಹತ್ತಿರ ಇಳಿದಿರುತ್ತದೆ. ಅಮೋನಿಯಾ ಸೇರಿದ್ದರೂ ಮೀನು ಹೇಗೋ ತಡೆದುಕೊಂಡಿರುತ್ತದೆ. ಒಂದು ದಿನ ಪಾಪ ಅನ್ನಿಸಿ ಅದಕ್ಕೆ ಅರ್ಧ ಟ್ಯಾಂಕ್ ಬೋರ್‌ವೆಲ್ ನೀರು ಸುರಿಯುತ್ತೀರಿ. ಪಿಎಚ್ ಸರ್ರನೆ ಏರುತ್ತದೆ. ಸುಮ್ಮನಿದ್ದ ಅಮೋನಿಯಾ ಅದೇ ಗಳಿಗೆಗೆ ವಿಷವಾಗುತ್ತದೆ. "ಹೊಸ ನೀರು ಹಾಕಿದ್ದೇ ತಪ್ಪಾಯ್ತಾ?" ಅಂತ ಕೇಳುತ್ತಾರೆ. ಹಾಕಿದ್ದು ತಪ್ಪಲ್ಲ, ಒಮ್ಮೆಲೇ ಅಷ್ಟು ಹಾಕಿದ್ದು ತಪ್ಪು. ಅಂಥ ಹಳೇ ಟ್ಯಾಂಕಿಗೆ ದಿನಕ್ಕೆ ಹತ್ತನೇ ಒಂದು ಭಾಗದಂತೆ ಒಂದು ವಾರ ಬದಲಿಸಿ.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ, ಯಾವಾಗ ಸತ್ತವು? ನೀರು ಬದಲಿಸಿದ ಒಂದೆರಡು ಗಂಟೆಯಲ್ಲೇ ಆದರೆ ಕ್ಲೋರಿನ್, ಪಿಎಚ್ ಇಲ್ಲವೇ ತಣ್ಣೀರಿನ ಪೆಟ್ಟು ಅಂತ ಅನುಮಾನ. ನಲ್ಲಿಯಲ್ಲಿ ಬರುವ ಕಾವೇರಿ ನೀರಾದರೆ ಆಂಟಿ ಕ್ಲೋರಿನ್, ಅಂದರೆ ಸೋಡಿಯಂ ಥಯೋಸಲ್ಫೇಟ್ ಹಾಕಿ, ಇಲ್ಲಾಂದ್ರೆ ಬಕೆಟ್ಟಿನಲ್ಲಿ ಏರ್ ಪಂಪ್ ಬಿಟ್ಟು ಒಂದು ದಿನ ಇಡಿ. ಬೋರ್‌ವೆಲ್ ನೀರನ್ನೂ ಒಂದು ರಾತ್ರಿ ಹಾಗೆ ಇಡಬೇಕು. ಭೂಮಿಯೊಳಗಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಸಂಪಿಗೆ ಟ್ಯಾಂಕರ್ ನೀರು ಬಂದ ದಿನ ಟ್ಯಾಂಕಿನ ನೀರು ಬದಲಿಸಲೇಬೇಡಿ.

ಬೆಳಗಿನ ಜಾವವೇ ಸಾಯುತ್ತಿದ್ದರೆ, ಅದರಲ್ಲೂ ದೊಡ್ಡವು ಮೊದಲು ಹೋದರೆ, ಆಮ್ಲಜನಕ ಸಾಲುತ್ತಿಲ್ಲ. ರಾತ್ರಿ ಗಿಡಗಳೂ ಆಮ್ಲಜನಕ ಎಳೆದುಕೊಳ್ಳುತ್ತವೆ. ಎಲ್ಲ ಸತ್ತು ಗೌರಾಮಿ ಅಥವಾ ಫೈಟರ್ ಜಾತಿಯ ಮೀನು ಮಾತ್ರ ಆರಾಮಾಗಿದ್ದರೆ ಆ ಅನುಮಾನ ಇನ್ನೂ ಗಟ್ಟಿ. ಅವು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಆಗತಾನೆ ಸತ್ತ ಮೀನಿನ ಕಿವಿರಿನ ಮುಚ್ಚಳ ಎತ್ತಿಯೂ ನೋಡುತ್ತೇನೆ. ಕೆಂಪಿರಬೇಕಾದದ್ದು ಕಾಫಿಪುಡಿ ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಹೆಚ್ಚಾಗಿರಬಹುದು.

ಒಂದೇ ರಾತ್ರಿ ಎಲ್ಲ ಹೋದರೆ, ಸಾಯುವ ಮುಂಚೆ ಅಡ್ಡಾದಿಡ್ಡಿ ಚಿಮ್ಮಿದ್ದರೆ, ಮನೆಯಲ್ಲಿ ಏನು ಹೊಡೆಸಿದಿರಿ ಅಂತ ಕೇಳುತ್ತೇನೆ. ಒಂದು ಫ್ಲ್ಯಾಟಿನಲ್ಲಿ ಜಿರಳೆಗೆ ಔಷಧಿ ಹೊಡೆಸಿದ್ದರು. ಟ್ಯಾಂಕ್ ಇದ್ದದ್ದು ಹಾಲ್‌ನಲ್ಲಿ, ಹೊಡೆಸಿದ್ದು ಅಡುಗೆಮನೆಯಲ್ಲಿ. "ಅಲ್ಲಿಂದ ಇಲ್ಲಿಗೆ ಹೇಗೆ ಬರುತ್ತೆ?" ಅಂದರು. ಏರ್ ಪಂಪ್ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ ಅಲ್ವಾ? ಅದನ್ನೇ ನೀರಿಗೆ ಗುಳುಗುಳು ಬಿಡುತ್ತದೆ. ಜಿರಳೆ, ಸೊಳ್ಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್‌ಗಳು ನಮಗೆ ಅಷ್ಟಾಗಿ ತಾಗದಿದ್ದರೂ ಮೀನಿಗೆ ತೀರಾ ಸಣ್ಣ ಪ್ರಮಾಣದಲ್ಲೇ ಪ್ರಾಣಾಂತಿಕ. ಔಷಧಿ ಹೊಡೆಸುವ ದಿನ ಟ್ಯಾಂಕಿಗೆ ಪ್ಲಾಸ್ಟಿಕ್ ಹೊದಿಸಿ, ಉದ್ದ ಪೈಪ್ ಹಾಕಿ ಪಂಪನ್ನು ಬಾಲ್ಕನಿಯಲ್ಲಿಡಿ.

ಇಷ್ಟೆಲ್ಲ ನೋಡಿದ ಮೇಲೆ ರೋಗದ ಮಾತು. ಬಿಳಿ ಚುಕ್ಕಿ, ಕೊಳೆತ ರೆಕ್ಕೆ ಕಣ್ಣಿಗೆ ಕಂಡರೆ ಮಾತ್ರ ಔಷಧಿ. ಏನೂ ಕಾಣದೆ ಸುಮ್ನೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಔಷಧಿ ಸುರಿದರೆ ಫಿಲ್ಟರಿನಲ್ಲಿ ಉಳಿದಿದ್ದ ಬ್ಯಾಕ್ಟೀರಿಯಾಕ್ಕೂ ಪೆಟ್ಟು.

ವಿಜಯನಗರದ ಮನೆಯಲ್ಲಿ ಅವತ್ತೇ ಮೂರನೇ ಒಂದು ಭಾಗ ನೀರು ಬದಲಿಸಿದೆವು. ಕ್ಲೋರಿನ್ ಕಳೆದ ನೀರು, ಅದೇ ಬಿಸುಪಿನದು. ಮೂರು ದಿನ ತಿಂಡಿ ಬಂದ್. ಏಳನೇ ಕ್ಲಾಸಿನ ಮಗಳು ದಿನಾ ಸಂಜೆ ಹನಿ ಹಾಕಿ ಬಣ್ಣ ನೋಡಿ ನನಗೆ ಫೋಟೋ ಕಳಿಸುತ್ತಿದ್ದಳು. ಎರಡನೇ ದಿನ ಇನ್ನೊಂದು ಮೀನು ಹೋಯಿತು. ಆ ಸಂಜೆ ನನ್ನ ಟ್ಯಾಂಕಿನ ಕೊಳಕು ಸ್ಪಾಂಜಿನ ತುಂಡೊಂದನ್ನು ಒದ್ದೆ ಕವರಿನಲ್ಲಿ ಕಟ್ಟಿಕೊಂಡು ಹೋಗಿ ಅವರ ಫಿಲ್ಟರಿಗೆ ತುರುಕಿ ಬಂದೆ. ರೋಗವಿಲ್ಲದ ಟ್ಯಾಂಕಿನದಾದರೆ ಸ್ನೇಹಿತರಿಂದ ನೀವೂ ಹೀಗೆ ಕೇಳಿ ತರಬಹುದು. ಹನ್ನೊಂದನೇ ದಿನದ ಫೋಟೋದಲ್ಲಿ ನಳಿಕೆ ಹಳದಿಯಾಗಿತ್ತು. ಹಿಂದೆ, ಗಾಜಿನಾಚೆ, ಉಳಿದ ಆ ಒಂದು ಮೀನು ಕಲ್ಲು ಕೆದಕುತ್ತಿತ್ತು.