ಸೀಟು ಸಿಕ್ಕಿದೆ, ಕಾಲೇಜು ಕರೆದಿದೆ. ಹೋಗಬೇಕಾ?

ಕಾಲೇಜು ಆರಿಸುವ ಮಕ್ಕಳಿಗೆ, ಅವರ ಮನೆಯವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಏಪ್ರಿಲ್ ಮೊದಲ ವಾರ ನನ್ನ ಫೋನ್‌ಗೆ ಬಿಡುವೇ ಇರುವುದಿಲ್ಲ. ಅಮೆರಿಕದ ಹೆಚ್ಚಿನ ಕಾಲೇಜುಗಳ ಫಲಿತಾಂಶ ಮಾರ್ಚ್ ಕೊನೆಯ ಹೊತ್ತಿಗೆ ಬಂದುಬಿಟ್ಟಿರುತ್ತದೆ. ಮೇ 1ರೊಳಗೆ ಮಕ್ಕಳು ಒಂದನ್ನು ಆರಿಸಿ ಡಿಪಾಸಿಟ್ ಕಟ್ಟಬೇಕು. ನಡುವೆ ಇರುವುದು ನಾಲ್ಕೇ ವಾರ. ಆ ನಾಲ್ಕು ವಾರದಲ್ಲೇ ಸೀಟು ಕೊಟ್ಟ ಪ್ರತಿಯೊಂದು ಕಾಲೇಜಿನಿಂದಲೂ 'ಅಡ್ಮಿಟ್ ಡೇ'ಗೆ ಆಹ್ವಾನ ಬರುತ್ತದೆ. ನಮ್ಮ ಕ್ಯಾಂಪಸ್ಸಿಗೆ ಬನ್ನಿ, ಮುಂದೆ ನಿಮ್ಮ ಜೊತೆ ಓದುವವರನ್ನು ನೋಡಿ, ಅಪ್ಪ ಅಮ್ಮನನ್ನೂ ಕರೆತನ್ನಿ.

ಈ ವರ್ಷ ಮೊದಲು ಫೋನ್ ಮಾಡಿದವರು ಸ್ಯಾನ್ ಹೋಸೆಯಲ್ಲಿರುವ ಒಬ್ಬ ತಾಯಿ. ಹಾಸನದ ಕಡೆಯವರು. ಮಗಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಇಲ್ಲೇ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯ ಯುಸಿ ಡೇವಿಸ್, ಇನ್ನೊಂದು ಪೂರ್ವ ಕರಾವಳಿಯ ಒಂದು ಖಾಸಗಿ ಕಾಲೇಜು. "ಅಕ್ಕ, ಆ ಕಾಲೇಜಿನವರು ಅಡ್ಮಿಟ್ ಡೇಗೆ ಕರೆದಿದ್ದಾರೆ. ನಾವು ಹೋಗ್ದೇ ಇದ್ರೆ ಸೀಟ್ ಹೋಗ್ಬಿಡುತ್ತಾ?" ಅಂತ ಕೇಳಿದರು.

ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ತಲೆಮಾರಿನ ಎಷ್ಟೋ ಜನ ಸಿಇಟಿ ಕೌನ್ಸೆಲಿಂಗ್‌ಗೆ ಅಂತ ಬೆಂಗಳೂರಿಗೆ ಬಸ್ ಹತ್ತಿದವರು. ಕರೆದ ದಿನ, ಕರೆದ ಹೊತ್ತಿಗೆ ಅಲ್ಲಿರಬೇಕು. ಸೀಟು ಸಿಕ್ಕ ಮೇಲೂ ಹೇಳಿದ ದಿನಾಂಕದೊಳಗೆ ಕಾಲೇಜಿಗೆ ಹೋಗಿ ರಿಪೋರ್ಟ್ ಮಾಡಿಕೊಳ್ಳಬೇಕು. ತಪ್ಪಿದರೆ ಸೀಟು ಇನ್ನೊಬ್ಬರ ಪಾಲು. ಅದನ್ನು ದಾಟಿ ಬಂದವರಿಗೆ ಕಾಲೇಜೇ ಕರೆದಾಗ ಹೋಗದೆ ಇರಲು ಧೈರ್ಯ ಬರುವುದಿಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹೋಗದಿದ್ದರೆ ಸೀಟು ಹೋಗುವುದಿಲ್ಲ. ಸ್ಕಾಲರ್‌ಶಿಪ್ಪೂ ಕಡಿಮೆಯಾಗುವುದಿಲ್ಲ. ಅರ್ಜಿ ಹಾಕುವ ಮೊದಲು ಯಾರು ಕ್ಯಾಂಪಸ್ ನೋಡಲು ಬಂದಿದ್ದರು ಅಂತ ಕೆಲವು ಕಾಲೇಜುಗಳು ಲೆಕ್ಕ ಇಡುವುದು ನಿಜ. ಆದರೆ ಸೀಟು ಕೊಟ್ಟ ಮೇಲೆ ಆ ಲೆಕ್ಕ ಮುಗಿಯಿತು. ಈಗ ಆರಿಸುವ ಸರದಿ ನಿಮ್ಮದು. ಒಲಿಸಿಕೊಳ್ಳಬೇಕಾದವರು ಅವರು. ಹಾರ್ವರ್ಡ್‌ನ 'ವಿಸಿಟಾಸ್', ಎಂಐಟಿಯ 'ಕ್ಯಾಂಪಸ್ ಪ್ರಿವ್ಯೂ ವೀಕೆಂಡ್', ಯೇಲ್‌ನ 'ಬುಲ್‌ಡಾಗ್ ಡೇಸ್', ಯುಸಿಎಲ್‌ಎಯ 'ಬ್ರುಯಿನ್ ಡೇ' ಎಲ್ಲವೂ ಇದೇ ಕಾರಣಕ್ಕೆ ನಡೆಯುತ್ತವೆ. ಹೆಸರು ಬೇರೆ, ಕೆಲಸ ಒಂದೇ.

ಒಂದು ಕರೆಯನ್ನು ಮಾತ್ರ ಇವುಗಳ ಜೊತೆ ಸೇರಿಸಬೇಡಿ. ಕೆಲವು ದೊಡ್ಡ ಸ್ಕಾಲರ್‌ಶಿಪ್‌ಗಳಿಗೆ ಕೊನೆಯ ಸುತ್ತಿನ ಸಂದರ್ಶನ ಕ್ಯಾಂಪಸ್ಸಿನಲ್ಲೇ ನಡೆಯುತ್ತದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಜೆಫರ್ಸನ್ ಸ್ಕಾಲರ್‌ಶಿಪ್, ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮೋರ್‌ಹೆಡ್-ಕೇನ್ ಈ ಬಗೆಯವು. ಅಂಥ ಪತ್ರ ಬಂದರೆ ಬೇರೆ ಕೆಲಸ ಬಿಟ್ಟಾದರೂ ಹೊರಡಿ. ಪತ್ರದಲ್ಲಿ 'ಫೈನಲಿಸ್ಟ್' ಅನ್ನುವ ಮಾತಿದೆಯಾ ಅಂತ ಸರಿಯಾಗಿ ಓದಿ ನೋಡಿ.

ಇನ್ನು ಮಿಕ್ಕವರ ವಿಷಯ. ವಿಮಾನದ ಟಿಕೆಟ್ ಹುಡುಕುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಕಾಲೇಜಿನಿಂದ ಎಷ್ಟು ಹಣದ ನೆರವು ಸಿಗುತ್ತದೆ ಅಂತ ತಿಳಿಸುವ ಫೈನಾನ್ಷಿಯಲ್ ಏಡ್ ಪತ್ರವನ್ನು ಮೇಜಿನ ಮೇಲಿಟ್ಟು, ಮನೆಯವರೆಲ್ಲ ಕೂತು, ಒಂದೊಂದು ಸಾಲನ್ನೂ ಓದಬೇಕು. ಇದನ್ನು ನಾನು ತಡವಾಗಿ ಕಲಿತೆ. ಹಲವು ವರ್ಷದ ಹಿಂದೆ ಒಂದು ಕುಟುಂಬಕ್ಕೆ "ಹೋಗಿ ನೋಡಿಕೊಂಡು ಬನ್ನಿ, ಆಮೇಲೆ ಹಣದ ಮಾತು" ಅಂದಿದ್ದೆ. ಹುಡುಗಿ ಹೋದಳು. ಕಾಲೇಜು ತುಂಬಾ ಇಷ್ಟವಾಯಿತು. ಅಲ್ಲಿ ನಾಲ್ಕು ಜನ ಗೆಳತಿಯರೂ ಆದರು. ವಾಪಸ್ ಬಂದು ಲೆಕ್ಕ ಹಾಕಿದಾಗ ಅದು ಅವರ ಕೈಗೆ ಎಟುಕುವ ಕಾಲೇಜೇ ಆಗಿರಲಿಲ್ಲ. ಆ ಮಗು ಅತ್ತಿದ್ದು ನನಗೆ ಇನ್ನೂ ನೆನಪಿದೆ. ನೋಡದೇ ಇದ್ದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಅಂದಿನಿಂದ ನಾನು ಮೊದಲು ಕೇಳುವುದು ಆ ಪತ್ರವನ್ನು.

ಪತ್ರದಲ್ಲಿ ಕಣ್ಣಿಗೆ ಬೀಳುವಂತೆ ಬರೆದಿರುವ ಒಟ್ಟು ಮೊತ್ತವನ್ನು ನಂಬಬೇಡಿ. ಅದರಲ್ಲಿ ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ನೆರವು) ಎಷ್ಟು, ಸ್ಕಾಲರ್‌ಶಿಪ್ ಎಷ್ಟು, ಸಾಲ ಎಷ್ಟು ಅಂತ ಬಿಡಿಸಿ ನೋಡಿ. 5,500 ಡಾಲರ್ ಅನ್ನುವ ಅಂಕಿ ಕಂಡರೆ ಅದು ಬಹುಮಟ್ಟಿಗೆ ಸಾಲವೇ. ತಂದೆತಾಯಿಯ ಆಸರೆಯಲ್ಲಿರುವ ಮೊದಲ ವರ್ಷದ ವಿದ್ಯಾರ್ಥಿಗೆ ಸರ್ಕಾರ ಕೊಡುವ ಸಾಲದ ಮಿತಿ ಅಷ್ಟೇ. ವರ್ಕ್-ಸ್ಟಡಿ ಅಂತ ಬರೆದಿದ್ದರೆ ಅದು ಮಗು ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸಬೇಕಾದ ಹಣ. ಇವೆರಡನ್ನೂ ಪಕ್ಕಕ್ಕಿಡಿ. ಟ್ಯೂಷನ್, ಡಾರ್ಮ್ (ಹಾಸ್ಟೆಲ್), ಊಟ, ಪುಸ್ತಕ, ವಿಮೆ, ಓಡಾಟ ಎಲ್ಲ ಸೇರಿದ ಖರ್ಚಿನಲ್ಲಿ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಮಾತ್ರ ಕಳೆಯಿರಿ. ಉಳಿದದ್ದನ್ನು ನಾಲ್ಕರಿಂದ ಗುಣಿಸಿ. ಅದೂ ಕಡಿಮೆ ಲೆಕ್ಕವೇ, ಯಾಕಂದರೆ ಶುಲ್ಕ ವರ್ಷ ವರ್ಷ ಏರುತ್ತದೆ.

ಆ ಮೊತ್ತ ನಿಮ್ಮಿಂದ ಆಗದು ಅನಿಸಿದರೆ ಕಾಲೇಜಿನ ಏಡ್ ಆಫೀಸಿಗೆ ಮರುಪರಿಶೀಲನೆಗೆ ಬರೆಯಬಹುದು. ಕೆಲಸ ಹೋಗಿದ್ದರೆ, ಊರಿನಲ್ಲಿರುವ ತಂದೆತಾಯಿಯ ಆಸ್ಪತ್ರೆ ಖರ್ಚು ನಿಮ್ಮ ಮೇಲಿದ್ದರೆ ದಾಖಲೆ ಸಮೇತ ಬರೆಯಿರಿ. ಬೇಡಿದಂತಾಗುತ್ತದೆ ಅಂತ ನಮ್ಮವರು ಹಿಂಜರಿಯುತ್ತಾರೆ. ಇದು ಬೇಡುವುದಲ್ಲ. ಅಂಥ ಪತ್ರಗಳನ್ನು ಓದುವುದೇ ಆ ಆಫೀಸಿನವರ ಕೆಲಸದ ಒಂದು ಭಾಗ. ಉತ್ತರ ಬರುವವರೆಗೆ ಟಿಕೆಟ್ ತೆಗೆಯಬೇಡಿ.

ಹಣದ ಲೆಕ್ಕದಲ್ಲಿ ಎರಡು ಕಾಲೇಜು ಉಳಿದವು ಅಂತಿಟ್ಟುಕೊಳ್ಳಿ. ಮಗುವಿನ ಮನಸ್ಸು ಎರಡರ ನಡುವೆ ತೂಗುತ್ತಿದೆ. ಆಗ ಹೋಗುವುದಕ್ಕೆ ಅರ್ಥವಿದೆ. ಮನಸ್ಸು ಈಗಾಗಲೇ ಒಂದರಲ್ಲಿ ನೆಟ್ಟಿದ್ದರೆ ಸುಮ್ನೆ ಓಡಾಡಬೇಡಿ. ಕ್ಯಾಲಿಫೋರ್ನಿಯಾದಿಂದ ಪೂರ್ವಕ್ಕೆ ಇಬ್ಬರು ಹೋಗಿ ಬರಲು ವಿಮಾನ, ಎರಡು ರಾತ್ರಿ ಹೋಟೆಲ್, ಬಾಡಿಗೆ ಕಾರು ಅಂತ ನನ್ನ ಬಳಿ ಬರುವ ಕುಟುಂಬಗಳು ಸುಲಭವಾಗಿ ಸಾವಿರ, ಸಾವಿರದ ಐನೂರು ಡಾಲರ್ ಖರ್ಚು ಮಾಡುತ್ತವೆ. ಮೇ ತಿಂಗಳ ಮೊದಲ ವಾರವೇ ಎಪಿ, ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ ಶುರು. ಆ ಹೊತ್ತಿನಲ್ಲಿ ಮೂರು ದಿನ ಅಂದರೆ ಮಕ್ಕಳಿಗೆ ಸಣ್ಣ ವಿಷಯವಲ್ಲ. ವರಮಾನ ಕಡಿಮೆ ಇರುವ ಕುಟುಂಬದ ಮಕ್ಕಳಿಗೆ ಕೆಲವು ಕಾಲೇಜುಗಳು ಪ್ರಯಾಣದ ಖರ್ಚನ್ನೇ ಕೊಡುತ್ತವೆ. ಅಡ್ಮಿಷನ್ ಆಫೀಸಿಗೆ ಒಂದು ಇಮೇಲ್ ಬರೆದು ಕೇಳಿ. ಕೇಳಿದ್ದರಿಂದ ಯಾರಿಗೂ ತೊಂದರೆ ಆದದ್ದನ್ನು ನಾನು ಕಂಡಿಲ್ಲ.

ಹೋಗುವುದಾದರೆ ಯಾವ ದಿನ ಹೋಗಬೇಕು ಅನ್ನುವುದು ಮುಖ್ಯ. ಅಡ್ಮಿಟ್ ಡೇ ದಿನ ಕಾಲೇಜು ನೋಡುವುದು ಗೃಹಪ್ರವೇಶದ ದಿನ ಮನೆ ನೋಡಿದ ಹಾಗೆ. ಬಾಗಿಲಿಗೆ ತೋರಣ, ಅಂಗಳದಲ್ಲಿ ರಂಗೋಲಿ, ಎಲ್ಲರ ಮುಖದಲ್ಲೂ ನಗು. ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಮಳೆಗಾಲದಲ್ಲಿ ಯಾವ ಗೋಡೆ ಒಸರುತ್ತದೆ ಅನ್ನುವುದು ಅವತ್ತು ಕಾಣುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲೋ ಮಿನೆಸೋಟಾದಲ್ಲೋ ಏಪ್ರಿಲ್ ಕೊನೆಗೆ ಹೂವು ಬಿಟ್ಟಿರುವುದನ್ನು ನೋಡಿ ಬಂದ ಮಗುವಿಗೆ ಜನವರಿಯ ಹಿಮ ಹೇಗಿರುತ್ತದೆ ಅಂತ ಗೊತ್ತಾಗುವುದಾದರೂ ಹೇಗೆ?

ಅದಕ್ಕೇ ಅಡ್ಮಿಟ್ ಡೇ ಶನಿವಾರ ಇದ್ದರೆ ಸೋಮವಾರದವರೆಗೆ ಉಳಿಯಿರಿ ಅಂತ ನಾನು ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಹಾಗೇ ಉಳಿದ. ಅವನಿಗೆ ಕಂಪ್ಯೂಟರ್ ಸೈನ್ಸ್ ಓದುವ ಆಸೆ. ಆದರೆ ಸೀಟು ಸಿಕ್ಕಿದ್ದು ಮೇಜರ್ (ಮುಖ್ಯ ವಿಷಯ) ನಿಗದಿಯಾಗದ ವಿಭಾಗದಲ್ಲಿ. ಶನಿವಾರ ವೇದಿಕೆಯ ಮೇಲಿದ್ದವರು "ಒಳಗೆ ಬಂದ ಮೇಲೆ ಬದಲಾಯಿಸಿಕೊಳ್ಳಬಹುದು" ಅಂದರಂತೆ. ಅಪ್ಪ ಅಲ್ಲೇ ಡಿಪಾಸಿಟ್ ಕಟ್ಟಲು ಹೊರಟಿದ್ದರು. ಸೋಮವಾರ ರಾತ್ರಿ ಹುಡುಗ ಒಬ್ಬನೇ ಡೈನಿಂಗ್ ಹಾಲಿನಲ್ಲಿ ತಟ್ಟೆ ಹಿಡಿದು, ಎರಡನೇ ವರ್ಷದ ಮೂವರ ಪಕ್ಕ ಹೋಗಿ ಕೂತ. ಅದೇ ಪ್ರಶ್ನೆ ಕೇಳಿದ. ಮೂವರೂ ಪ್ರಯತ್ನಪಟ್ಟವರೇ. ಒಬ್ಬರಿಗೂ ಸಿಕ್ಕಿರಲಿಲ್ಲ. ಊಟ ಮುಗಿಯುವಷ್ಟರಲ್ಲಿ ಅವನಿಗೆ ಬೇಕಾದ ಉತ್ತರ ಸಿಕ್ಕಿತ್ತು. ವೇದಿಕೆಯವರು ಸುಳ್ಳು ಹೇಳಿರಲಿಲ್ಲ. ಬದಲಾಯಿಸಿಕೊಳ್ಳಬಹುದು ಅನ್ನುವುದು ನಿಯಮ. ಎಷ್ಟು ಜನರಿಗೆ ಸಿಗುತ್ತದೆ ಅನ್ನುವುದು ಬೇರೆಯೇ ಮಾತು.

ನಮ್ಮ ಮಕ್ಕಳಲ್ಲಿ ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಬಯಸುವವರೇ ಜಾಸ್ತಿ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಂದೊಂದು ಕಾಲೇಜಿನ ಪದ್ಧತಿ ಒಂದೊಂದು ರೀತಿ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಕಂಪ್ಯೂಟರ್ ಸೈನ್ಸ್ ಸೀಟುಗಳಲ್ಲಿ ಹೆಚ್ಚಿನವನ್ನು ಪ್ರವೇಶದ ಹೊತ್ತಿಗೇ ನೇರವಾಗಿ ಕೊಟ್ಟುಬಿಡುತ್ತದೆ. ಆಮೇಲೆ ಒಳಗಿನಿಂದ ಸೇರುವುದು ಬಹಳ ಕಷ್ಟ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೇರಿದವರು ಮೊದಲ ವರ್ಷ ಎಲ್ಲರೂ ಒಟ್ಟಿಗೆ ಓದಿ, ನಂತರ ಶಾಖೆಗೆ ಹೋಗುತ್ತಾರೆ. "ಮೇಜರ್ ಬದಲಾಯಿಸಬಹುದಾ?" ಅಂತ ಕೇಳಿದರೆ ಎಲ್ಲ ಕಡೆಯೂ ಹೌದು ಅಂತಲೇ ಉತ್ತರ ಬರುತ್ತದೆ. "ಹೋದ ವರ್ಷ ಎಷ್ಟು ಜನ ಕೇಳಿದ್ದರು, ಎಷ್ಟು ಜನರಿಗೆ ಕೊಟ್ಟಿರಿ?" ಅಂತ ಕೇಳಿ. ಈ ಪ್ರಶ್ನೆಯನ್ನು ಮಗುವೇ ಕೇಳಲಿ. ಅಪ್ಪ ಕೇಳಿದರೆ ವಿದ್ಯಾರ್ಥಿಗಳು ಮರ್ಯಾದೆಯ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ.

ಹಾಗಂತ ಅಪ್ಪ ಅಮ್ಮಂದಿರಿಗೆ ಅಲ್ಲಿ ಕೆಲಸವಿಲ್ಲ ಅಂತಲ್ಲ. ಪೋಷಕರಿಗಾಗಿಯೇ ಬೇರೆ ಸೆಷನ್ ಇಟ್ಟಿರುತ್ತಾರೆ. ಅಲ್ಲಿ ಹೆಲ್ತ್ ಇನ್ಶೂರೆನ್ಸ್, ಡಾರ್ಮ್ ಎಷ್ಟು ವರ್ಷ ಸಿಗುತ್ತದೆ, ಮನಸ್ಸು ಸರಿ ಇಲ್ಲದಾಗ ಕೌನ್ಸೆಲರ್ ಸಿಗಲು ಎಷ್ಟು ದಿನ ಕಾಯಬೇಕು ಅಂತ ಕೇಳಿಕೊಳ್ಳಿ. ಮೊದಲ ವರ್ಷ ಡಾರ್ಮ್ ಕೊಟ್ಟು ಆಮೇಲೆ ಹೊರಗೆ ಮನೆ ಹುಡುಕಿಕೊಳ್ಳಿ ಅನ್ನುವ ಕಾಲೇಜುಗಳಿವೆ. ಯುಸಿಎಲ್‌ಎ ನಾಲ್ಕು ವರ್ಷದ ಭರವಸೆ ಕೊಡುತ್ತದೆ. ಖರ್ಚಿನ ಲೆಕ್ಕದಲ್ಲಿ ಇದು ದೊಡ್ಡ ವ್ಯತ್ಯಾಸ. ಇನ್ನೊಂದು ವಿಷಯ ಕೇಳಿ ನಮ್ಮ ಪೋಷಕರ ಮುಖ ಬಾಡುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. 1974ರ ಫರ್ಪಾ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ಅಂಕಪಟ್ಟಿಯ ಹಕ್ಕು ಮಗುವಿನದು. ಫೀಸು ನೀವೇ ಕಟ್ಟಿದರೂ ನೀವು ಫೋನ್ ಮಾಡಿ ಕೇಳಿದ ಮಾತ್ರಕ್ಕೆ ಅಂಕ ಹೇಳುವುದಿಲ್ಲ. ಮಗು ಒಪ್ಪಿಗೆ ಬರೆದುಕೊಟ್ಟರೆ ತೊಂದರೆಯಿಲ್ಲ. ಆ ಮಾತನ್ನು ಮನೆಯಲ್ಲಿ ಪ್ರೀತಿಯಿಂದ ಈಗಲೇ ಆಡಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಸೀಟು ಪಡೆದ ಮಕ್ಕಳ ಮನೆಯವರೂ ನನ್ನನ್ನು ಕೇಳುತ್ತಾರೆ. ಒಂದು ದಿನದ ಕಾರ್ಯಕ್ರಮಕ್ಕೆ ವಿಸಿಟರ್ ವೀಸಾ ಮಾಡಿಸಿ, ಸಾಗರ ದಾಟಿ ಬನ್ನಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಿಮ್ಮ ಏಪ್ರಿಲ್‌ಗೆ ಬೇರೆ ಕೆಲಸವಿದೆ. ಬೇಗ ಕಾಲೇಜು ಗಟ್ಟಿ ಮಾಡಿದರೆ ಬೇಗ ಹಣದ ದಾಖಲೆ ಕಳುಹಿಸಬಹುದು. ಅದರಿಂದ ಐ-20, ಅಂದರೆ ವೀಸಾಗೆ ಬೇಕಾದ ಕಾಲೇಜಿನ ದಾಖಲೆ, ಬೇಗ ಬರುತ್ತದೆ. ಆಮೇಲೆ 350 ಡಾಲರ್ ಸೆವಿಸ್ ಶುಲ್ಕ (ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಗೆ) ಕಟ್ಟಿ ಎಫ್-1 ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ದಿನ ಹುಡುಕಬೇಕು. ಅಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ಆನ್‌ಲೈನ್ ಕಾರ್ಯಕ್ರಮ ಸಾಕು. ಬಾಸ್ಟನ್‌ನಲ್ಲಿ ಸಂಜೆ ಏಳು ಅಂದರೆ ನಿಮಗೆ ಬೆಳಗಿನ ಜಾವ ನಾಲ್ಕೂವರೆ. ಎದ್ದು ಕೂರುವ ಅಗತ್ಯವಿಲ್ಲ, ರೆಕಾರ್ಡಿಂಗ್ ಇದ್ದರೆ ಅದನ್ನೇ ನೋಡಿ. ಅದಕ್ಕಿಂತ ಉಪಯೋಗ ಅಲ್ಲಿ ಈಗ ಓದುತ್ತಿರುವ ಇಬ್ಬರು ಭಾರತದ ಮಕ್ಕಳ ಜೊತೆ ಅರ್ಧ ಗಂಟೆ ವಿಡಿಯೊ ಕಾಲ್ ಮಾಡುವುದು. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಬರೆದರೆ ಸಂಪರ್ಕ ಮಾಡಿಸುತ್ತಾರೆ.

2020ರ ವಸಂತದಲ್ಲಿ ಯಾರೂ ಯಾವ ಕ್ಯಾಂಪಸ್ಸಿಗೂ ಹೋಗಲಾಗಲಿಲ್ಲ. ಎಲ್ಲ ಅಡ್ಮಿಟ್ ಡೇಗಳೂ ಲ್ಯಾಪ್‌ಟಾಪ್ ಪರದೆಯ ಮೇಲೇ ಆದವು. ಆ ವರ್ಷ ನನ್ನ ಸಲಹೆ ಕೇಳಿದ್ದ ಮಕ್ಕಳು ಹಾಗೇ ಆರಿಸಿ, ಓದಿ, ಚೆನ್ನಾಗಿಯೇ ಹೊರಗೆ ಬಂದರು. ಮಧ್ಯದಲ್ಲಿ ಕಾಲೇಜು ಬದಲಿಸಿದ ಒಬ್ಬಿಬ್ಬರಿಗೂ ಕಾರಣ ಹಣವಾಗಿತ್ತು. ಹೋಗಲು ಆಗಲಿಲ್ಲವಲ್ಲ ಅಂತ ಯಾರಾದರೂ ಕೊರಗಿದರೆ ನಾನು ಈ ಮಕ್ಕಳನ್ನು ನೆನೆಯುತ್ತೇನೆ.

ಒಂದು ಕೋರಿಕೆ. ಆರಿಸಿದ ದಿನವೇ ಉಳಿದ ಕಾಲೇಜುಗಳಿಗೆ ಬರುವುದಿಲ್ಲ ಅಂತ ತಿಳಿಸಿಬಿಡಿ. ಎರಡು ಕಡೆ ಡಿಪಾಸಿಟ್ ಕಟ್ಟಿ ಆಗಸ್ಟ್‌ವರೆಗೆ ಎಳೆಯಬೇಡಿ. ವೇಟ್‌ಲಿಸ್ಟಿನಲ್ಲಿ ಯಾವುದೋ ಮನೆಯ ಮಗು ದಿನಕ್ಕೆ ಹತ್ತು ಸಲ ಇಮೇಲ್ ತೆರೆದು ನೋಡುತ್ತಿರುತ್ತದೆ.

ಆ ಹಾಸನದ ತಾಯಿಯ ಮನೆಯಲ್ಲೂ ಪತ್ರ ಬಿಡಿಸಿ ನೋಡಿದೆವು. ಪೂರ್ವದ ಕಾಲೇಜಿನ ಪತ್ರದಲ್ಲಿ ಆ 5,500 ಇತ್ತು, ವರ್ಕ್-ಸ್ಟಡಿಯೂ ಇತ್ತು. ಎರಡನ್ನೂ ತೆಗೆದಾಗ ಉಳಿದ ಸಹಾಯ ಬಹಳ ಸಣ್ಣದು. ಮರುಪರಿಶೀಲನೆಗೆ ಬರೆದರು. ವಿಮಾನದ ಟಿಕೆಟ್ ತೆಗೆಯಲಿಲ್ಲ. ಬದಲಿಗೆ ಒಂದು ಬುಧವಾರ, ಯಾವ ಕಾರ್ಯಕ್ರಮವೂ ಇಲ್ಲದ ದಿನ, ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಡೇವಿಸ್‌ಗೆ ಹೋದರು. ಸುಮಾರು ಎರಡು ಗಂಟೆಯ ದಾರಿ.

ಮಧ್ಯಾಹ್ನ ಎರಡೂವರೆಗೆ ಫೋನ್ ಬಂತು. "ಅಕ್ಕ, ಊಟಕ್ಕೆ ಅಂತ ಒಳಗೆ ಹೋದವಳು ಇನ್ನೂ ಬಂದಿಲ್ಲ. ಕಿಟಕಿಯಿಂದ ಕಾಣ್ತಾಳೆ. ಯಾರೋ ಇಬ್ಬರು ಹುಡುಗಿಯರ ಜೊತೆ ಮಾತಾಡ್ತಾ ಕೂತಿದ್ದಾಳೆ. ಹೋಗಿ ಕರೀಲಾ?"

"ಬೇಡಮ್ಮ," ಅಂದೆ. "ನೀವು ಕಾರಲ್ಲೇ ಕೂತಿರಿ."