ಆ ಗುಡ್ಡದ ಮೇಲೆ ಗಿಡ ನೆಡಬೇಡಿ

ಮುಳ್ಳೋಡಿಯಿಂದ ಕುದುರೆಮುಖ ಹತ್ತುವಾಗ ಕಾಡು ಮುಗಿದು ಬಯಲು ಕಂಡೊಡನೆ ಯಾರಾದರೂ ಮರುಗುತ್ತಾರೆ: "ಅಯ್ಯೋ, ಎಷ್ಟು ಮರ ಕಡಿದಿದ್ದಾರೆ! ಮುಂದಿನ ಸಲ ಬೀಜದುಂಡೆ ತರೋಣ." ಕೇಳಿದಾಗಲೆಲ್ಲ ನನಗೆ ತಳಮಳ. 1,894 ಮೀಟರ್ ಎತ್ತರದ ಈ ಬೆಟ್ಟದ ಬೆನ್ನಿಗೆ ಹುಲ್ಲು, ಕಣಿವೆಯ ಮಡಿಕೆಗಳಿಗೆ ಶೋಲಾ ಎಂಬ ಕುಳ್ಳ ಮರಗಳ ದಟ್ಟ ಕಾಡು. ಬೆನ್ನಿನ ಮೇಲೆ ಒಂದು ಹಿಡಿ ಹುಲ್ಲು ಸರಿಸಿ ನೋಡಿ, ಎಷ್ಟೋ ಕಡೆ ಗೇಣುದ್ದದ ಮಣ್ಣಿನಡಿ ಬಂಡೆ. ಅರಬ್ಬಿ ಸಮುದ್ರದಿಂದ ನುಗ್ಗಿ ಬರುವ ಮುಂಗಾರಿನ ಗಾಳಿಗೆ ತಡೆಯೇ ಇಲ್ಲ. ನೆರಳು ಬೇಡುವ ಶೋಲಾ ಸಸಿ ಇಲ್ಲಿ ಬದುಕುವುದು ಕಷ್ಟ. ಬೆಂಕಿಯ, ದನ ಮೇಯಿಸುವಿಕೆಯ ಪಾತ್ರ ಇಲ್ಲವೆಂದಲ್ಲ. ಆದರೆ ಇಂಥ ಹುಲ್ಲುಗಾವಲು ಕೊಡಲಿಗಿಂತ ಹಳೆಯದು.

ಹೇಗೆ ಗೊತ್ತು? ಇಂಗಾಲ ಹೇಳುತ್ತದೆ. ಗಾಳಿಯಲ್ಲಿರುವ ಇಂಗಾಲದಲ್ಲಿ ಶೇ. 99ರಷ್ಟು ಹಗುರವಾದ ಇಂಗಾಲ-12, ಉಳಿದದ್ದು ತುಸು ಭಾರದ ಇಂಗಾಲ-13. ಮರದ ಎಲೆ ಮದುವೆಯೂಟಕ್ಕೆ ಕೂತ ಹಟಮಾರಿ ಮಗು: ಹಗುರವಾದದ್ದನ್ನು ಆರಿಸಿ ತಿಂದು, ಭಾರದ್ದನ್ನು ಆದಷ್ಟು ಪಕ್ಕಕ್ಕೆ ಸರಿಸುತ್ತದೆ. ಬಿಸಿಲು ನಾಡಿನ ಹುಲ್ಲುಗಳಲ್ಲಿ ಹೆಚ್ಚಿನವು ಹಾಗಲ್ಲ. ಅವು ಇಂಗಾಲವನ್ನು ಮೊದಲು ಹಿಡಿದು ಎಲೆಯೊಳಗಿನ ಮುಚ್ಚಿದ ಕೋಶಗಳಿಗೆ ಸಾಗಿಸಿ, ಆಮೇಲೆ ಅಡುಗೆಗಿಡುತ್ತವೆ. ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಆರಿಸಲು ಅವಕಾಶವೆಲ್ಲಿ? ಡಬ್ಬಿಯಲ್ಲಿ ಇದ್ದದ್ದೇ ಬೇಯಬೇಕು. ಹೀಗಾಗಿ ಹುಲ್ಲಿನ ಮೈಯಲ್ಲಿ ಇಂಗಾಲ-13 ತುಸು ಹೆಚ್ಚು. ಹುಲ್ಲು ಸತ್ತರೂ, ಕೊಳೆತು ಕಪ್ಪಾದರೂ ಆ ಲೆಕ್ಕ ಅಳಿಯದು.

ನೀಲಗಿರಿಯ ಜೌಗಿನಲ್ಲಿ ಇಂಥ ಕಪ್ಪು ಕೊಳೆ ಪದರ ಪದರವಾಗಿ ಕೂತಿದೆ. ಪರಿಸರ ವಿಜ್ಞಾನಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅದರಲ್ಲಿನ ಇಂಗಾಲ-13ನ್ನು ಪದರಪದರವಾಗಿ ಅಳೆದು 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಒಣ ದಿನಗಳಲ್ಲಿ, ಅಲ್ಲಿ ಹುಲ್ಲಿನದೇ ರಾಜ್ಯ. ಮುಂಗಾರು ಬಲವಾದಾಗ ಆ ಲೆಕ್ಕ ಮರದ ಕಡೆ ವಾಲಿದೆ, ಮಳೆ ಕುಗ್ಗಿದಾಗ ಮತ್ತೆ ಹುಲ್ಲಿನ ಕಡೆ. ಆ ಮೊದಲ ಹುಲ್ಲಿನ ರಾಜ್ಯ ನಮ್ಮ ನಾಡಲ್ಲಿ ಬೇಸಾಯವೇ ಹುಟ್ಟಿರದ ಕಾಲದ್ದು.

ಕುದುರೆಮುಖದ ಗಾಯ ಬೇರೆಯದು: ಕಬ್ಬಿಣದ ಅದಿರಿನ ಗಣಿ. ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಅದು ನಿಂತಿತು. ಅಲ್ಲಿನ ಹುಲ್ಲುಗಾವಲಿಗೆ ಗಿಡ ನೆಡುವವರ ಒಳ್ಳೆಯತನದಿಂದಲೂ ಅಪಾಯವಿದೆ. ನೀಲಗಿರಿಯಲ್ಲಿ ಬ್ರಿಟಿಷರು 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದ ವ್ಯಾಟಲ್ ಎಂಬ ಮರ ತಂದು ನೆಟ್ಟರು. ಅದು ತಾನೇ ಬೀಜ ಚೆಲ್ಲಿಕೊಂಡು ಹುಲ್ಲುಗಾವಲನ್ನು ಇಂದಿಗೂ ನುಂಗುತ್ತಿದೆ. ಹುಲ್ಲನ್ನೇ ನಂಬಿದ ನೀಲಗಿರಿ ಪಿಪಿಟ್ ಎಂಬ ಪುಟ್ಟ ಹಕ್ಕಿಗೆ ಆ ಮರಗಳ ನಡುವೆ ಜಾಗವಿಲ್ಲ.